ಗಾಯವೇ ರಜೆಚೀಟಿ: ರಬೌಲ್‌ನಲ್ಲಿ ಸಬುರೊ ಸಕಾಯ್, 1942

1942ರ ಆಗಸ್ಟ್ ತಿಂಗಳ ಎರಡನೇ ವಾರ. ಪೆಸಿಫಿಕ್ ಸಾಗರದ ನ್ಯೂ ಬ್ರಿಟನ್ ದ್ವೀಪದಲ್ಲಿ ಜಪಾನ್ ಹಿಡಿದಿದ್ದ ನೆಲೆ ರಬೌಲ್. ಅಲ್ಲಿನ ಆಸ್ಪತ್ರೆಯಲ್ಲಿ ಇಪ್ಪತ್ತೈದು ವರ್ಷದ ಒಬ್ಬ ಪೈಲಟ್ ಮಲಗಿದ್ದ. ತಲೆಗೆ ಗುಂಡೇಟು. ಬಲಗಣ್ಣು ಕಾಣುತ್ತಿರಲಿಲ್ಲ. ಜಪಾನಿಗೆ ಹೋಗಬೇಕು, ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಬೇಕು ಎಂದು ಮೇಲಿನವರು ಹೇಳಿದರು. ಅವನು ಒಪ್ಪಲಿಲ್ಲ. ಇಲ್ಲೇ ಇರುತ್ತೇನೆ, ಗೆಳೆಯರನ್ನು ಬಿಟ್ಟು ಹೋಗುವುದಿಲ್ಲ ಎಂದು ಹಟ ಹಿಡಿದ. ಕೊನೆಗೆ ಆದೇಶ ಕೊಟ್ಟೇ ಕಳಿಸಬೇಕಾಯಿತು.

ಅವನ ಹೆಸರು ಸಬುರೊ ಸಕಾಯ್. ಜಪಾನ್ ನೌಕಾಪಡೆಯ ತೈನಾನ್ ವಾಯುದಳದವನು, ಝೀರೊ ಎಂಬ ಯುದ್ಧವಿಮಾನದ ಪೈಲಟ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿರುದ್ಧ ಜಪಾನಿನ ಯುದ್ಧ ಶುರುವಾಗಿ ಎಂಟು ತಿಂಗಳಾಗಿತ್ತು. ಅಷ್ಟೂ ದಿನ ಅವನು ಮುಂಚೂಣಿಯಲ್ಲೇ ಇದ್ದ. ಊರಿನ ಕಡೆ ಮುಖ ಮಾಡಲು ಅವನ ತಲೆಗೆ ಗುಂಡು ತಾಗಬೇಕಾಯಿತು.

ನಾನು ಈ ಪ್ರಕರಣದ ಹಿಂದೆ ಬಿದ್ದದ್ದು ಇದೇ ಕಾರಣಕ್ಕೆ. ಹಲವು ವರ್ಷ ಶಿಫ್ಟ್ ಪಟ್ಟಿ ಬರೆಯುವ ಕೆಲಸ ಮಾಡಿದವನು ನಾನು. ಯಾರಿಗೆ ಯಾವಾಗ ವಾರದ ರಜೆ, ಯಾರಿಗೆ ಎರಡು ಪಾಳಿ, ಯಾರ ರಜೆ ಮುಂದಕ್ಕೆ ಹಾಕಬಹುದು ಎಂದು ಲೆಕ್ಕ ಹಾಕಿ ಹಾಕಿ ಒಂದು ವಿಷಯ ಗೊತ್ತಾಗಿತ್ತು. ರಜೆ ರದ್ದು ಮಾಡಲು ಯಾವಾಗಲೂ ಆದೇಶ ಬೇಕಾಗುವುದಿಲ್ಲ. ರಜೆ ಕೊಡುವ ವ್ಯವಸ್ಥೆಯನ್ನೇ ಮಾಡದಿದ್ದರೆ ಸಾಕು. ಜಪಾನ್ ನೌಕಾಪಡೆಯಲ್ಲಿ ಆಗಿದ್ದು ಅದೇ. ಅಲ್ಲಿ ಅದರ ಬೆಲೆ ಜೀವ.

ಆಯ್ದು ಆಯ್ದು ತಂದ ಹುಡುಗರು

ಸಕಾಯ್ ಹುಟ್ಟಿದ್ದು 1916ರ ಆಗಸ್ಟ್ 26ರಂದು, ಕ್ಯೂಶು ದ್ವೀಪದ ಸಾಗಾ ಪ್ರಾಂತ್ಯದಲ್ಲಿ. ಬಡ ರೈತರ ಮನೆ. ಹನ್ನೊಂದು ವರ್ಷದವನಿದ್ದಾಗ ತಂದೆ ತೀರಿಕೊಂಡರು. ಟೋಕಿಯೊದಲ್ಲಿ ಓದಲು ಕಳಿಸಿದರು, ಓದು ಹತ್ತಲಿಲ್ಲ. 1933ರಲ್ಲಿ, ಹದಿನಾರನೇ ವಯಸ್ಸಿಗೆ, ನೌಕಾಪಡೆ ಸೇರಿದ. ಯುದ್ಧನೌಕೆಗಳಲ್ಲಿ ಫಿರಂಗಿ ಕೆಲಸ ಮಾಡಿದ. ಕೆಳದರ್ಜೆಯ ನಾವಿಕರಿಗೆ ಹೊಡೆತ ಅನ್ನೋದು ದಿನದ ಊಟದ ಹಾಗೆ ಇತ್ತು ಎಂದು ಅವನು ಮುಂದೆ ನೆನಪಿಸಿಕೊಂಡಿದ್ದಾನೆ.

1937ರಲ್ಲಿ ಪೈಲಟ್ ತರಬೇತಿಗೆ ಆಯ್ಕೆಯಾದ. ಅವನೇ ಹೇಳಿದ ಲೆಕ್ಕ ಹೀಗಿದೆ: ಅರ್ಜಿ ಹಾಕಿದವರು ಸುಮಾರು 1,500 ಜನ, ಆಯ್ಕೆಯಾದವರು 70, ಕೊನೆಗೆ ಪಾಸಾದವರು 25. ಅವನು ಮೊದಲ ಸ್ಥಾನದಲ್ಲಿ ಬಂದ. ಚಕ್ರವರ್ತಿಯ ಹೆಸರಿನ ಬೆಳ್ಳಿ ಗಡಿಯಾರ ಬಹುಮಾನ ಸಿಕ್ಕಿತು. ಕಣ್ಣು ಚುರುಕಾಗಲಿ ಎಂದು ಈ ಹುಡುಗರು ಹಗಲು ಹೊತ್ತಿನಲ್ಲೇ ಆಕಾಶದಲ್ಲಿ ನಕ್ಷತ್ರ ಹುಡುಕುವ ಅಭ್ಯಾಸ ಮಾಡುತ್ತಿದ್ದರಂತೆ. ಕಂಡ ನಕ್ಷತ್ರದಿಂದ ಕಣ್ಣು ಬೇರೆಡೆಗೆ ತಿರುಗಿಸಿ, ಮತ್ತೆ ಥಟ್ಟನೆ ಅದನ್ನೇ ಹುಡುಕಬೇಕು. ಆ ಕಣ್ಣುಗಳ ಮಾತು ಮುಂದೆ ಬರುತ್ತದೆ.

ಯುದ್ಧ ಶುರುವಾದಾಗ ಜಪಾನ್ ನೌಕಾಪಡೆಯ ಒಬ್ಬ ಪೈಲಟ್‌ಗೆ ಸರಾಸರಿ ಸುಮಾರು 700 ಗಂಟೆ ಹಾರಾಟದ ಅನುಭವ ಇತ್ತು. ಆ ಹೊತ್ತಿಗೆ ಅಷ್ಟು ಪಳಗಿದ ನೌಕಾ ಪೈಲಟ್‌ಗಳು ಜಗತ್ತಿನಲ್ಲಿ ತೀರಾ ಕಡಿಮೆ. ಆದರೆ ಸಂಖ್ಯೆ ಚಿಕ್ಕದು. ಯುದ್ಧ ಬೇಗ ಮುಗಿಯುತ್ತದೆ ಎಂಬ ನಂಬಿಕೆಯ ಮೇಲೆ ಕಟ್ಟಿದ ಪಡೆ ಅದು. ಒಬ್ಬ ದಣಿದರೆ ಅವನ ಜಾಗಕ್ಕೆ ಇನ್ನೊಬ್ಬ ಬೇಕಲ್ವಾ? ಆ ಇನ್ನೊಬ್ಬನನ್ನು ಅವರು ತಯಾರು ಮಾಡಿಟ್ಟಿರಲಿಲ್ಲ.

ಬಾಲಿಯ ಪಟ್ಟಿ

1941ರ ಡಿಸೆಂಬರ್ 8ರಂದು ತೈನಾನ್ ದಳ ಫಾರ್ಮೋಸಾದಿಂದ (ಇಂದಿನ ತೈವಾನ್) ಹೊರಟು ಫಿಲಿಪ್ಪೀನ್ಸ್‌ನ ಕ್ಲಾರ್ಕ್ ವಿಮಾನ ನೆಲೆಯ ಮೇಲೆ ದಾಳಿ ಮಾಡಿತು. ಅಲ್ಲಿಂದ ಬೋರ್ನಿಯೊ, ಜಾವಾ, ಬಾಲಿ. ಮೂರು ತಿಂಗಳು ಬಿಡುವಿಲ್ಲದ ಓಟ.

ಬಾಲಿಯಲ್ಲಿ ಒಂದು ಸುದ್ದಿ ಹಬ್ಬಿತು. ನಮ್ಮನ್ನು ಊರಿಗೆ ಕಳಿಸುತ್ತಾರಂತೆ. ಪಟ್ಟಿ ಬರುತ್ತದಂತೆ. ಪಟ್ಟಿ ಬಂತು, ಕೆಲವರು ಹೋದರು. ಸಕಾಯ್ ಹೆಸರು ಅದರಲ್ಲಿ ಇರಲಿಲ್ಲ. ಅವನನ್ನೂ ಉಳಿದವರನ್ನೂ ಕೊಮಾಕಿ ಮಾರು ಎಂಬ ಹಳೇ ಸರಕು ಹಡಗಿಗೆ ಹತ್ತಿಸಿ ರಬೌಲ್‌ಗೆ ಕಳಿಸಿದರು. ಈ ಪಯಣವನ್ನು ಸಕಾಯ್ ತುಂಬಾ ನೋವಿನಿಂದ ನೆನೆದಿದ್ದಾನೆ. ಮನೆಗೆ ಹೋಗುತ್ತೇವೆ ಅಂದುಕೊಂಡ ಜನ ಜ್ವರ, ಸೆಕೆ, ಕೊಳಕಿನ ನಡುವೆ ವಾರಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಕುಳಿತು ಇನ್ನೂ ದೂರಕ್ಕೆ ಹೋದರು. ಅದೇ ಹಡಗು ಏಪ್ರಿಲ್ 18ರಂದು ರಬೌಲ್ ಬಂದರಿನಲ್ಲೇ ಅಮೆರಿಕದ ಬಾಂಬರ್‌ಗಳ ದಾಳಿಗೆ ಸಿಕ್ಕಿ ಮುಳುಗಿತು.

ಆ ಪಟ್ಟಿಯ ನಂತರ ಇನ್ನೊಂದು ಪಟ್ಟಿ ಬರಲಿಲ್ಲ. ಇಷ್ಟು ತಿಂಗಳು ಹೋರಾಡಿದರೆ ಇಷ್ಟು ದಿನ ಬಿಡುವು ಎಂಬ ನಿಯಮ ಅಲ್ಲಿ ಇರಲಿಲ್ಲ. ಇಷ್ಟು ಸಲ ಹಾರಿದರೆ ವಾಪಸ್ ಎಂಬ ಲೆಕ್ಕವೂ ಇರಲಿಲ್ಲ. ಇದ್ದದ್ದು ಒಂದೇ. ಇಡೀ ದಳ ಸವೆದುಹೋದಾಗ ಉಳಿದವರನ್ನು ಒಟ್ಟಿಗೆ ವಾಪಸ್ ಕರೆಸುವುದು.

ಲೇ ಎಂಬ ಪುಟ್ಟ ನೆಲೆ

ನ್ಯೂಗಿನಿಯ ಕರಾವಳಿಯಲ್ಲಿ ಲೇ ಎಂಬ ಊರು. ಯುದ್ಧಕ್ಕೆ ಮುಂಚೆ ಒಳನಾಡಿನ ಚಿನ್ನದ ಗಣಿಗಳಿಗೆ ಯಂತ್ರ ಸಾಗಿಸುವ ವಿಮಾನಗಳು ಇಲ್ಲಿಂದ ಹೋಗುತ್ತಿದ್ದವು. ಅಮೆರಿಕದ ಹೆಸರಾಂತ ಪೈಲಟ್ ಅಮೀಲಿಯಾ ಇಯರ್‌ಹಾರ್ಟ್ 1937ರ ಜುಲೈ 2ರಂದು ಕೊನೆಯ ಬಾರಿಗೆ ನೆಲ ಬಿಟ್ಟದ್ದು ಇಲ್ಲಿನ ರನ್‌ವೇಯಿಂದಲೇ. 1942ರ ಮಾರ್ಚ್‌ನಲ್ಲಿ ಜಪಾನ್ ಇದನ್ನು ಹಿಡಿಯಿತು. ಏಪ್ರಿಲ್‌ನಿಂದ ಸಕಾಯ್ ಇಲ್ಲಿದ್ದ.

ಸಣ್ಣ ರನ್‌ವೇ, ಅದರ ಒಂದು ತುದಿಯಲ್ಲೇ ಸಮುದ್ರ. ಗುಡಿಸಲಿನಂಥ ಮನೆಗಳು. ಬೆಳಗಿನ ಜಾವ ಎರಡೂವರೆಗೇ ಮೆಕ್ಯಾನಿಕ್‌ಗಳು ಎದ್ದು ಎಂಜಿನ್ ಬಿಸಿ ಮಾಡುತ್ತಿದ್ದರು. ಒಂದು ಗಂಟೆಯ ನಂತರ ಪೈಲಟ್‌ಗಳನ್ನು ಎಬ್ಬಿಸುತ್ತಿದ್ದರು. ಅನ್ನ, ಸೋಯಾ ಸಾರು, ಒಣಗಿಸಿದ ತರಕಾರಿ, ಉಪ್ಪಿನಕಾಯಿ. ಆರು ವಿಮಾನಗಳು ಯಾವಾಗಲೂ ಹಾರಲು ಸಿದ್ಧವಾಗಿ ನಿಂತಿರಬೇಕು. ಉಳಿದವು ಓವನ್ ಸ್ಟ್ಯಾನ್ಲಿ ಪರ್ವತಸಾಲು ದಾಟಿ ಶತ್ರುವಿನ ನೆಲೆಯಾದ ಪೋರ್ಟ್ ಮೋರ್ಸ್ಬಿಗೆ ಹೋಗಬೇಕು. ದೂರ 300 ಕಿ.ಮೀ. ಆಸುಪಾಸು. ದೂರಕ್ಕಿಂತ ಕಷ್ಟ ಎತ್ತರದ್ದು, ಆ ಸಾಲಿನ ಶಿಖರಗಳು 4,000 ಮೀಟರ್ ಮುಟ್ಟುತ್ತವೆ. ಅಲ್ಲಿಂದ ಶತ್ರು ವಿಮಾನಗಳೂ ಇಲ್ಲಿಗೆ ಬರುತ್ತಿದ್ದವು, ಹಗಲು ರಾತ್ರಿ ಎನ್ನದೆ. ಹಾಗಾಗಿ ಹಾರದ ದಿನವೂ ನಿದ್ದೆ ಇಲ್ಲ. ಮಲೇರಿಯಾ, ಭೇದಿ ಮನೆಯವರ ಹಾಗೆ ಜೊತೆಗೇ ಇದ್ದವು.

ಊರಿಗೆ ಹೋಗುವ ರಜೆ ಬಿಡಿ, ಒಂದು ಸಂಜೆ ಹೋಗಿ ಕೂರಲು ಜಾಗ ಇರಲಿಲ್ಲ. ಸಂಜೆ ಹೊತ್ತು ಗಿಟಾರ್, ಮೌತ್ ಆರ್ಗನ್ ಹಿಡಿದು ಹಾಡುತ್ತಿದ್ದರು. ಕಾಗದ ಬಂದರೆ ಅದೇ ಹಬ್ಬ.

ಇದರ ಮೇಲೆ ದರ್ಜೆಯ ಗೋಡೆ ಬೇರೆ. ಜಪಾನ್ ನೌಕಾಪಡೆಯ ಬಹುಪಾಲು ಪೈಲಟ್‌ಗಳು ಅಧಿಕಾರಿಗಳಲ್ಲ, ಕೆಳಗಿನಿಂದ ಬಂದ ನಾವಿಕರು. ಅವರ ಊಟ ಬೇರೆ, ಮಲಗುವ ಜಾಗ ಬೇರೆ. ಒಂದೇ ಆಕಾಶದಲ್ಲಿ ಪ್ರಾಣ ಪಣಕ್ಕಿಟ್ಟು ಬಂದವರು ನೆಲಕ್ಕಿಳಿದ ಕೂಡಲೇ ಎರಡು ಪಂಕ್ತಿ. ಸಕಾಯ್‌ಗೆ ಇದು ಕೊನೆಯವರೆಗೂ ಕಹಿಯಾಗಿಯೇ ಉಳಿಯಿತು.

ಈ ಗೋಡೆಯನ್ನು ದಾಟಿದ ಅಧಿಕಾರಿ ಲೆಫ್ಟಿನೆಂಟ್ ಜುನಿಚಿ ಸಸಾಯ್. ಸಕಾಯ್‌ಗಿಂತ ಎರಡು ವರ್ಷ ಚಿಕ್ಕವನು, ನೌಕಾ ಅಕಾಡೆಮಿಯಲ್ಲಿ ಓದಿ ಬಂದವನು. ಜ್ವರ ಬಂದು ಮಲಗಿದ ಪೈಲಟ್‌ನ ಪಕ್ಕ ಕುಳಿತು ಆರೈಕೆ ಮಾಡುತ್ತಿದ್ದ. ತನ್ನ ಪಾಲಿನದನ್ನು ಕೆಳಗಿನವರಿಗೆ ಹಂಚುತ್ತಿದ್ದ. ಅವನ ಕೈಕೆಳಗೆ ಸಕಾಯ್, ಹಿರೊಯೊಶಿ ನಿಶಿಜಾವಾ, ತೊಶಿಯೊ ಓಟಾ ಎಂಬ ಮೂವರು ಇದ್ದರು. ಒಮ್ಮೆ ಈ ಮೂವರು ಪೋರ್ಟ್ ಮೋರ್ಸ್ಬಿಯ ಮೇಲೆಯೇ ಸಾಲಾಗಿ ಲೂಪ್ ಹೊಡೆದು ಬಂದರು ಎಂದು ಸಕಾಯ್ ಹೇಳಿಕೊಂಡಿದ್ದಾನೆ. ನಿಯಮ ಮುರಿದದ್ದಕ್ಕೆ ಸಸಾಯ್ ಬೈದನಂತೆ. ಅವರ ವಯಸ್ಸು ನೋಡಿ, ಇಪ್ಪತ್ತೆರಡರಿಂದ ಇಪ್ಪತ್ತೈದು. ಬಿಡುವು ಅನ್ನೋದು ಬೇರೆಲ್ಲೂ ಸಿಗದೆ ಶತ್ರುವಿನ ನೆತ್ತಿಯ ಮೇಲೆ ಆಟವಾಡಿದರು ಅಂತಲೇ ನನಗೆ ಅನ್ನಿಸುತ್ತದೆ.

ಹಗುರ ಮಾಡುವ ನಿಯಮ

ಹಾರುವ ರೀತಿಯೂ ದಿನೇ ದಿನೇ ಬಿಗಿಯಾಗುತ್ತಿತ್ತು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಝೀರೊ ವಿಮಾನದ ಶಕ್ತಿ ಅದರ ಹಗುರತನ. ಪೈಲಟ್‌ನ ಬೆನ್ನಿಗೆ ಉಕ್ಕಿನ ಹಲಗೆ ಇಲ್ಲ. ಗುಂಡು ತಾಗಿದರೆ ತಾನೇ ಮುಚ್ಚಿಕೊಳ್ಳುವ ಪೆಟ್ರೋಲ್ ಟ್ಯಾಂಕ್ ಇಲ್ಲ. ಅಷ್ಟು ತೂಕ ಉಳಿಸಿದ್ದಕ್ಕೇ ಅದು 3,000 ಕಿ.ಮೀ. ಹಾರಬಲ್ಲದು. ರೇಡಿಯೊದಲ್ಲಿ ಗೊರಗೊರ ಶಬ್ದ ಬಿಟ್ಟರೆ ಏನೂ ಕೇಳದು. ಹಾಗಾಗಿ ಅದನ್ನೂ ಕಿತ್ತುಹಾಕಿದರು, ಆಂಟೆನಾ ಕಂಬವನ್ನು ಗರಗಸದಿಂದ ಕೊಯ್ದರು. ಪ್ಯಾರಾಶೂಟ್ ಎಲ್ಲರಿಗೂ ಕೊಟ್ಟಿದ್ದರು. ಹಾಕಿಕೊಳ್ಳಿ ಎಂದು ಮೇಲಿನವರು ಒತ್ತಾಯವನ್ನೂ ಮಾಡುತ್ತಿದ್ದರು. ಪೈಲಟ್‌ಗಳು ಅದನ್ನು ಸೀಟಿನ ಮೇಲೆ ದಿಂಬಿನ ಹಾಗೆ ಇಟ್ಟು ಕೂರುತ್ತಿದ್ದರು. ಪಟ್ಟಿ ಬಿಗಿದರೆ ಕಾಕ್‌ಪಿಟ್‌ನಲ್ಲಿ ಕೈಕಾಲು ಆಡುವುದಿಲ್ಲ. ಜಿಗಿದರೂ ಕೆಳಗಿರುವುದು ಶತ್ರುವಿನ ನೆಲ, ಸೆರೆಯಾಗುವ ಮಾತನ್ನು ಅವರು ಯೋಚಿಸುವಂತೆಯೇ ಇರಲಿಲ್ಲ.

ಇನ್ನು ಪೆಟ್ರೋಲ್. ಫಾರ್ಮೋಸಾದಿಂದ ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪಕ್ಕೆ ಹೋಗಿ ಬರಲು ಮೊದಲು ವಿಮಾನವಾಹಕ ಹಡಗು ಬೇಕು ಎಂದುಕೊಂಡಿದ್ದರು. ತೈನಾನ್ ದಳದವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದರು. ಎಂಜಿನ್ ವೇಗ ಇಳಿಸಿ, ಗಾಳಿಯ ಜೊತೆ ಬೆರೆಯುವ ಪೆಟ್ರೋಲ್ ಕಡಿಮೆ ಮಾಡಿ, ಎಂಜಿನ್ ನಿಲ್ಲುವ ಅಂಚಿಗೆ ತಂದು ಹಾರಿಸುವುದು. ಹತ್ತು, ಹನ್ನೆರಡು ಗಂಟೆ ಹಾರುವುದು. ಸಕಾಯ್ ಗಂಟೆಗೆ 70 ಲೀಟರಿಗಿಂತ ಕಡಿಮೆ ಉರಿಸಿ ದಳದಲ್ಲೇ ದಾಖಲೆ ಮಾಡಿದ. ಹಡಗು ಬೇಕಾಗಲಿಲ್ಲ.

ಈ ಜಾಣತನದ ಬಗ್ಗೆ ಓದುವಾಗ ನನಗೆ ಹೆಮ್ಮೆ, ಸಂಕಟ ಎರಡೂ ಆಗುತ್ತದೆ. ಕೆಲಸಗಾರ ತನ್ನ ಪ್ರೀತಿಯಿಂದ, ಹಟದಿಂದ ಒಂದು ಅಸಾಧ್ಯವನ್ನು ಮಾಡಿ ತೋರಿಸುತ್ತಾನೆ. ಮಾರನೇ ದಿನದಿಂದ ಅದೇ ಎಲ್ಲರಿಗೂ ಅಳತೆಗೋಲು. ಹೋಗಿ ಬರಲು ಸಾಧ್ಯ ಎಂದು ತೋರಿಸಿದ್ದಕ್ಕೇ ಮುಂದೆ ಯಾರೂ ಕೇಳದ ದೂರಕ್ಕೆ ಅವರನ್ನು ಕಳಿಸುವ ಧೈರ್ಯ ಮೇಲಿನವರಿಗೆ ಬಂತು.

ಆಗಸ್ಟ್ 7

ಆ ದಿನ ಬೆಳಿಗ್ಗೆ ತೈನಾನ್ ದಳದ ಪೈಲಟ್‌ಗಳು ರಬೌಲ್‌ನಲ್ಲಿದ್ದರು. ನ್ಯೂಗಿನಿಯ ಮಿಲ್ನ್ ಕೊಲ್ಲಿಯ ಕಡೆಗೆ ದಾಳಿ ಎಂದು ತಯಾರಾಗಿದ್ದರು. ಅಷ್ಟರಲ್ಲಿ ಸುದ್ದಿ ಬಂತು. ಸಾಲೊಮನ್ ದ್ವೀಪಗಳ ಗ್ವಾಡಲ್‌ಕನಾಲ್‌ನಲ್ಲಿ ಅಮೆರಿಕನ್ನರು ಇಳಿದಿದ್ದಾರೆ. ಗುರಿ ಬದಲಾಯಿತು.

ಗ್ವಾಡಲ್‌ಕನಾಲ್ ಎಂಬ ಹೆಸರನ್ನು ಬಹಳ ಜನ ಕೇಳಿರಲೇ ಇಲ್ಲ. ನಕ್ಷೆ ತೆಗೆದು ಅಳೆದರು. ಹೋಗಲು 1,000 ಕಿ.ಮೀ.ಗೂ ಜಾಸ್ತಿ, ಬರಲು ಮತ್ತೆ ಅಷ್ಟೇ. ಬೆಂಗಳೂರಿನಿಂದ ಪುಣೆ ದಾಟಿ ಮುಂಬೈ ತಲುಪಿ, ಅಲ್ಲಿ ಯುದ್ಧ ಮಾಡಿ, ಇಳಿಯದೆ ಮತ್ತೆ ಬೆಂಗಳೂರಿಗೆ ಬಂದರೂ ಈ ದೂರ ಆಗುವುದಿಲ್ಲ. ಅದೂ ಒಂದೇ ಎಂಜಿನ್‌ನ, ಒಬ್ಬನೇ ಕೂರುವ ವಿಮಾನದಲ್ಲಿ, ಹೆಚ್ಚುಕಡಿಮೆ ಇಡೀ ದಾರಿ ಸಮುದ್ರದ ಮೇಲೆ. ದಳದ ಮುಂದಾಳು ತದಾಶಿ ನಕಜಿಮಾ ಇಷ್ಟು ದೂರದ ಹಾರಾಟಕ್ಕೆ ಎಲ್ಲರನ್ನೂ ಒಯ್ಯಲು ಒಪ್ಪದೆ ವಾದ ಮಾಡಿದ. ಕೊನೆಗೆ ಅನುಭವಿಗಳನ್ನು ಆರಿಸಿ 18 ಝೀರೊಗಳು ಹೊರಟವು. ಒಂದು ಮಧ್ಯದಲ್ಲೇ ವಾಪಸಾಯಿತು. ಜೊತೆಗೆ 27 ಬಾಂಬರ್‌ಗಳು.

ಅವರ ಹಿಂದೆ 9 ಡೈವ್ ಬಾಂಬರ್‌ಗಳನ್ನೂ ಕಳಿಸಿದರು. ಅವುಗಳಲ್ಲಿ ರಬೌಲ್‌ಗೆ ಮರಳುವಷ್ಟು ಪೆಟ್ರೋಲ್ ಹಿಡಿಯುವುದಿಲ್ಲ. ದಾಳಿ ಮುಗಿಸಿ ಶಾರ್ಟ್‌ಲ್ಯಾಂಡ್ ದ್ವೀಪದ ಬಳಿ ಸಮುದ್ರಕ್ಕೆ ಇಳಿಯಿರಿ, ಯಾರಾದರೂ ಎತ್ತಿಕೊಳ್ಳುತ್ತಾರೆ ಎಂಬುದು ಆದೇಶ. ಒಂಬತ್ತರಲ್ಲಿ ಒಂದೂ ರಬೌಲ್‌ಗೆ ಬರಲಿಲ್ಲ. ವಿಮಾನವನ್ನೇ ಶತ್ರುವಿನ ಹಡಗಿಗೆ ಗುದ್ದಿ ಸಾಯುವ ದಾಳಿಗೆ ಕಾಮಿಕಾಜೆ ಎಂಬ ಮಾತು ಹುಟ್ಟಲು ಇನ್ನೂ ಎರಡು ವರ್ಷ ಇತ್ತು. ಆದರೆ ವಿಮಾನ ವಾಪಸ್ ಬರಬೇಕು ಎಂಬ ನಿಯಮ ಅವತ್ತೇ ಸಡಿಲವಾಗಿತ್ತು.

ದಾರಿಯಲ್ಲಿ ಬೋಗನ್‌ವಿಲ್ ದ್ವೀಪ. ಅಲ್ಲಿ ಕಾಡಿನಲ್ಲಿ ಅಡಗಿದ್ದ ಆಸ್ಟ್ರೇಲಿಯಾದ ಕಾವಲುಗಾರ ಪಾಲ್ ಮೇಸನ್ ಬಾಂಬರ್‌ಗಳನ್ನು ನೋಡಿ ರೇಡಿಯೊದಲ್ಲಿ ಸುದ್ದಿ ಕೊಟ್ಟ. ಜಪಾನಿನವರು ನಾಲ್ಕು ಗಂಟೆ ಹಾರಿ ಸುಸ್ತಾಗಿ ತಲುಪುವಾಗ ಅಮೆರಿಕನ್ನರು ತಯಾರಾಗಿ ಕಾಯುತ್ತಿದ್ದರು.

ಅಷ್ಟಾದರೂ ತೈನಾನ್ ದಳದ ಕೈಚಳಕ ಆ ದಿನ ಕಂಡಿತು. ಅಮೆರಿಕ ನೌಕಾಪಡೆಯ 9 ವೈಲ್ಡ್‌ಕ್ಯಾಟ್ ಯುದ್ಧವಿಮಾನಗಳು ಉರುಳಿದವು. ಒಂದರಲ್ಲಿ ಜೇಮ್ಸ್ ಸದರ್ಲ್ಯಾಂಡ್ ಎಂಬ ಪೈಲಟ್ ಇದ್ದ. ಅವನಿಗೂ ಸಕಾಯ್‌ಗೂ ದೀರ್ಘ ಕಾಳಗ ನಡೆಯಿತು. ಕೊನೆಗೆ ಸದರ್ಲ್ಯಾಂಡ್ ಜಿಗಿದ. ಮೈಮೇಲೆ ಹನ್ನೊಂದು ಗಾಯ. ದ್ವೀಪದ ಜನರು ಅವನನ್ನು ಕಾಪಾಡಿದರು, ಅವನು ಬದುಕಿ ಮನೆಗೆ ಹೋದ. ಜಪಾನಿನವನಿಗೆ ಇದೇ ಗತಿ ಬಂದಿದ್ದರೆ ಎಲ್ಲಿಗೆ ಜಿಗಿಯಬೇಕಿತ್ತು? ಕೆಳಗೆ ಶತ್ರು, ಸುತ್ತ ಸಮುದ್ರ.

ಸ್ವಲ್ಪ ಹೊತ್ತಿಗೆ ಸಕಾಯ್‌ಗೆ ಎಂಟು ವಿಮಾನಗಳ ಗುಂಪು ಕಂಡಿತು. ವೈಲ್ಡ್‌ಕ್ಯಾಟ್ ಎಂದುಕೊಂಡು ಹಿಂದಿನಿಂದ ಹತ್ತಿರ ಹೋದ. ಅವು ಡಾಂಟ್ಲೆಸ್ ಡೈವ್ ಬಾಂಬರ್‌ಗಳು. ಪ್ರತಿಯೊಂದರ ಹಿಂಬದಿಯಲ್ಲಿ ಗನ್ ಹಿಡಿದ ಒಬ್ಬ ಕುಳಿತಿರುತ್ತಾನೆ. ಗುರುತು ಸಿಕ್ಕುವಷ್ಟರಲ್ಲಿ ತಡವಾಗಿತ್ತು. ಹಗಲಲ್ಲಿ ನಕ್ಷತ್ರ ಹುಡುಕಿ ಪಳಗಿದ ಕಣ್ಣು ಹೇಗೆ ಮೋಸಹೋಯಿತು? ದಣಿವೇ ಕಾರಣ ಎಂದು ನಾನು ಸಾಧಿಸಲು ಹೋಗುವುದಿಲ್ಲ. ಆದರೆ ನಾಲ್ಕು ಗಂಟೆ ಸಮುದ್ರದ ಮೇಲೆ ಹಾರಿ, ಒಂದು ದೊಡ್ಡ ಕಾಳಗ ಮುಗಿಸಿ, ನಾಲ್ಕು ತಿಂಗಳ ನಿದ್ದೆಗೇಡಿನ ಮೇಲೆ ನೋಡಿದ ಕಣ್ಣದು. ಇದನ್ನು ಮರೆಯಬಾರದು.

ಮುಂದಿನ ಗಾಜು ಒಡೆಯಿತು. ಗುಂಡು ತಲೆಗೆ ತಾಗಿತು. ಬಲಗಣ್ಣು ಹೋಯಿತು, ಎಡಗಣ್ಣಿನಲ್ಲಿ ರಕ್ತ ತುಂಬಿತು. ಎಡಗೈ ಎಡಗಾಲು ಮರಗಟ್ಟಿದವು. ವಿಮಾನ ಸಮುದ್ರದ ಕಡೆಗೆ ಬೀಳುತ್ತಿತ್ತು. ಬಲಗೈಯಲ್ಲಿ ಅದನ್ನು ಎತ್ತಿದ. ಕುತ್ತಿಗೆಯ ರೇಷ್ಮೆ ಬಟ್ಟೆಯನ್ನು ಹೆಲ್ಮೆಟ್ ಒಳಗೆ ತುರುಕಿ ರಕ್ತ ನಿಲ್ಲಿಸಿದ. ಪ್ರಜ್ಞೆ ಬರುತ್ತಿತ್ತು, ಹೋಗುತ್ತಿತ್ತು. ಒಮ್ಮೊಮ್ಮೆ ವಿಮಾನವೇ ತಲೆಕೆಳಗಾಗಿ ಹಾರುತ್ತಿತ್ತು. ನೋವೇ ಅವನನ್ನು ಎಚ್ಚರ ಇಟ್ಟಿತು. ಹೀಗೆ 4 ಗಂಟೆ 47 ನಿಮಿಷ. ರಬೌಲ್‌ನಲ್ಲಿ ಇಳಿದಾಗ ಟ್ಯಾಂಕ್ ಬರಿದಾಗಿತ್ತು.

ಇಳಿದವನು ಆಸ್ಪತ್ರೆಗೆ ಹೋಗಲಿಲ್ಲ. ಮೊದಲು ವರದಿ ಒಪ್ಪಿಸಬೇಕು ಎಂದ. ನಿಯಮ ಹಾಗಿತ್ತು. ರಕ್ತ ಸುರಿಯುತ್ತಿದ್ದರೂ ಕಮಾಂಡರ್ ಮುಂದೆ ನಿಂತು ವರದಿ ಕೊಟ್ಟ. ಆಮೇಲೆ ಕುಸಿದ. ಕಡಿಮೆ ಪೆಟ್ರೋಲಿನಲ್ಲಿ ಹಾರಿಸುವ ಆ ಅಭ್ಯಾಸ ಇಲ್ಲದಿದ್ದರೆ ಅವನು ದಾರಿಯಲ್ಲೇ ಮುಳುಗುತ್ತಿದ್ದ. ಅವನನ್ನು ಅಷ್ಟು ದೂರ ಕಳಿಸಿದ್ದೂ ಅದೇ, ಮರಳಿ ತಂದದ್ದೂ ಅದೇ.

ಸರದಿ ಎಂಬುದು

ಆ ದಿನ ಒಂದೇ ಸಲ ಆದದ್ದಾಗಿದ್ದರೆ ಬೇರೆ ಮಾತು. ಅದು ದಿನಚರಿಯಾಯಿತು. ಆಗಸ್ಟ್‌ನಿಂದ ಮುಂದೆ ಹವೆ ಚೆನ್ನಾಗಿದ್ದ ದಿನವೆಲ್ಲ ರಬೌಲ್‌ನಿಂದ ಗ್ವಾಡಲ್‌ಕನಾಲ್‌ಗೆ ಹೋಗಬೇಕು. ಎಂಟು ಗಂಟೆ ಹಾರಾಟ, ಹತ್ತು ಹದಿನೈದು ನಿಮಿಷ ಕಾಳಗ. ಮಧ್ಯೆ ಬೂಕಾದಲ್ಲಿ ತುರ್ತು ಇಳಿಯಲು ಒಂದು ಸಣ್ಣ ರನ್‌ವೇ. ಬೋಗನ್‌ವಿಲ್‌ನ ಬೂಯಿನ್ ನೆಲೆ ಸಿದ್ಧವಾಗಿದ್ದು ಅಕ್ಟೋಬರ್‌ನಲ್ಲಿ. ಹೊಸ ಮಾದರಿಯ ಝೀರೊಗಳು ಬಂದಿದ್ದವು, ಆದರೆ ಅವುಗಳಿಗೆ ಅಷ್ಟು ದೂರ ಹೋಗಿ ಬರುವ ಶಕ್ತಿ ಇರಲಿಲ್ಲ. ಭಾರವೆಲ್ಲ ಹಳೇ ಮಾದರಿಯ ಮೇಲೆ, ಅದನ್ನು ಹಾರಿಸುವ ಹಳೇ ಕೈಗಳ ಮೇಲೆ.

ಎದುರು ಪಕ್ಷದಲ್ಲಿ ಏನು ನಡೆಯುತ್ತಿತ್ತು? ಅಲ್ಲೂ ಸುಖ ಇರಲಿಲ್ಲ. ಗ್ವಾಡಲ್‌ಕನಾಲ್‌ನ ಹೆಂಡರ್ಸನ್ ನೆಲೆಯಲ್ಲಿ ಕೆಸರು, ಮಲೇರಿಯಾ, ರಾತ್ರಿ ಹಡಗುಗಳ ಶೆಲ್ ದಾಳಿ. ಪೈಲಟ್‌ಗಳು ತೂಕ ಕಳೆದುಕೊಂಡು ಎಲುಬುಗೂಡಾಗುತ್ತಿದ್ದರು. ಆದರೆ ಅವರಿಗೊಂದು ಕೊನೆಯ ದಿನ ಇತ್ತು. ದಳಗಳನ್ನು ವಾರಗಳ ಲೆಕ್ಕದಲ್ಲಿ ಬದಲಿಸುತ್ತಿದ್ದರು. ಮುಂದೆ ಸಾಲೊಮನ್‌ನಲ್ಲಿ ಅಮೆರಿಕದ ಮರೀನ್ ಪಡೆಯ ಪೈಲಟ್‌ಗಳ ಸರದಿ ಸುಮಾರು ಆರು ವಾರ ಎಂದು ಗಟ್ಟಿಯಾಯಿತು. ಆಮೇಲೆ ಸಿಡ್ನಿಯಲ್ಲಿ ವಿಶ್ರಾಂತಿ. ಕೆಲವು ಸರದಿ ಮುಗಿದರೆ ಅಮೆರಿಕಕ್ಕೆ, ಹೊಸಬರಿಗೆ ಕಲಿಸಲು.

ಎಡ್ವರ್ಡ್ ಓ'ಹೇರ್ ಕತೆ ನೋಡಿ. ಚಿಕಾಗೊದ ವಿಮಾನ ನಿಲ್ದಾಣದಲ್ಲಿ ಇಳಿದ ನಮ್ಮ ಕನ್ನಡಿಗರೆಲ್ಲ ಆ ಹೆಸರು ಓದಿರುತ್ತಾರೆ. 1942ರ ಫೆಬ್ರುವರಿ 20ರಂದು ಇದೇ ರಬೌಲ್‌ನಿಂದ ಬಂದ ಬಾಂಬರ್‌ಗಳನ್ನು ಒಬ್ಬನೇ ಎದುರಿಸಿ ತನ್ನ ಹಡಗನ್ನು ಉಳಿಸಿದವನು. ಅವನನ್ನು ಮರುದಿನ ಮತ್ತೆ ಮತ್ತೆ ಅಲ್ಲಿಗೇ ಕಳಿಸಲಿಲ್ಲ. ಕರೆಸಿದರು, ಪದಕ ಕೊಟ್ಟರು, ಹೊಸ ಪೈಲಟ್‌ಗಳನ್ನು ತಯಾರು ಮಾಡಲು ಹಚ್ಚಿದರು. 1943ರಲ್ಲಿ ಅವನು ಮತ್ತೆ ಯುದ್ಧಕ್ಕೆ ಬಂದ, ಆ ನವೆಂಬರ್‌ನಲ್ಲಿ ಸತ್ತ. ಆದರೆ ನಡುವಿನ ಒಂದು ವರ್ಷದಲ್ಲಿ ಅವನ ಕೈಯಲ್ಲಿ ಕಲಿತವರು ಎಷ್ಟೋ ಜನ. ಜಾನ್ ಥ್ಯಾಚ್ ಕೂಡ ಹಾಗೇ. ಝೀರೊ ಎದುರಿಸಲು ಜೋಡಿಯಾಗಿ ಹೆಣೆದುಕೊಂಡು ಹಾರುವ ತಂತ್ರ ಕಂಡುಹಿಡಿದವನು. ಮಿಡ್‌ವೇ ಕಾಳಗದ ನಂತರ ಅವನನ್ನು ಪಾಠ ಹೇಳಲು ವಾಪಸ್ ಕರೆಸಿದರು.

ಜಪಾನಿನಲ್ಲಿ ಥ್ಯಾಚ್‌ನಂಥವರು ಇರಲಿಲ್ಲವೇ? ಇದ್ದರು, ಲೇ ನೆಲೆಯಲ್ಲೇ ಸಾಲಾಗಿ ಇದ್ದರು. ಅವರನ್ನು ಹಿಂದಕ್ಕೆ ಕರೆಸಲಿಲ್ಲ, ಅಷ್ಟೆ. ನಮ್ಮ ಊರ ಕಡೆ ಎಂಥ ಬರಗಾಲದಲ್ಲೂ ಬಿತ್ತನೆ ಭತ್ತಕ್ಕೆ ಕೈ ಹಾಕುವುದಿಲ್ಲ. ಇವರು ಬಿತ್ತನೆ ಭತ್ತವನ್ನೇ ಕುಟ್ಟಿ ಉಂಡರು.

ಅವರ ಪರವಾಗಿ ಒಂದು ಮಾತು ಹೇಳಬೇಕು. ಅನುಭವಿಗಳನ್ನು ಹಿಂದಕ್ಕೆ ಕರೆಸಿದರೆ ಅವತ್ತಿನ ಹಾರಾಟಕ್ಕೆ ಯಾರು? ಬದಲಿ ಜನ ಇಲ್ಲ. ಇದ್ದವರನ್ನು ತೆಗೆದರೆ ಗ್ವಾಡಲ್‌ಕನಾಲ್ ಇನ್ನೂ ಬೇಗ ಕೈಬಿಡುತ್ತದೆ. ಆ ಜಾಗದಲ್ಲಿ ಕುಳಿತ ಅಧಿಕಾರಿಗೆ ಪ್ರತಿ ಬೆಳಿಗ್ಗೆ ಇದೇ ಲೆಕ್ಕ. ಇವತ್ತು ಒಂದು ದಿನ, ನಾಳೆ ನೋಡೋಣ. ಶಿಫ್ಟ್ ಪಟ್ಟಿಯ ಮುಂದೆ ನಾನೂ ಹೀಗೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಒಂದೊಂದು ದಿನದ ಲೆಕ್ಕವಾಗಿ ನೋಡಿದರೆ ಅದು ತಪ್ಪು ಅನ್ನಿಸುವುದೇ ಇಲ್ಲ. ತಪ್ಪು ನಡೆದದ್ದು ಯುದ್ಧಕ್ಕೆ ಮುಂಚೆ, 70 ಜನರಲ್ಲಿ 25 ಜನ ಪಾಸಾದಾಗ. ಉಳಿದ 45 ಜನ ನಿಜಕ್ಕೂ ಕೆಲಸಕ್ಕೆ ಬಾರದವರಾಗಿದ್ದರೇ? ಎಲ್ಲರೂ ಮುತ್ತುಗಳೇ ಆಗಬೇಕು ಎಂಬ ಹಟ ಎಷ್ಟೋ ಒಳ್ಳೇ ಪೈಲಟ್‌ಗಳನ್ನು ಬಾಗಿಲಲ್ಲೇ ತಿರುಗಿಸಿತ್ತು.

ಅಕ್ಟೋಬರ್ 21ರಂದು ಓಟಾ ಸತ್ತ. ನವೆಂಬರ್ 1ರಂದು ತೈನಾನ್ ದಳದ ಹೆಸರು ಬದಲಾಗಿ 251ನೇ ವಾಯುದಳ ಆಯಿತು. ಉಳಿದ ಕೆಲವೇ ಪೈಲಟ್‌ಗಳನ್ನು ಜಪಾನಿಗೆ ಕರೆಸಿದರು. ನಿಶಿಜಾವಾ ಅವರಲ್ಲಿ ಒಬ್ಬ. ಅದೂ ವಿಶ್ರಾಂತಿಗಲ್ಲ, ಹೊಸಬರನ್ನು ಸೇರಿಸಿ ದಳವನ್ನು ಮತ್ತೆ ಕಟ್ಟಲು. 1943ರ ಮೇ ತಿಂಗಳಲ್ಲಿ ಮತ್ತೆ ರಬೌಲ್.

ಒಂದು ಕಣ್ಣಿನ ಮೇಷ್ಟ್ರು

ಸಕಾಯ್‌ಗೆ ಯೊಕೊಸುಕಾದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಆಯಿತು, ಅರಿವಳಿಕೆ ಇಲ್ಲದೆ. ಬಲಗಣ್ಣಿನ ದೃಷ್ಟಿ ಬರಲಿಲ್ಲ. ಗುಣವಾದ ಮೇಲೆ ತರಬೇತಿ ಕೊಡಲು ಹಾಕಿದರು. ಅಂದರೆ ಅವನಂಥವರು ಮೊದಲೇ ಮಾಡಬೇಕಿದ್ದ ಕೆಲಸ ಅವನಿಗೆ ಸಿಕ್ಕಿದ್ದು ಕಣ್ಣು ಹೋದ ಮೇಲೆ. ಅಷ್ಟರಲ್ಲಿ ಕಲಿಸಲು ಸಮಯವೂ ಇರಲಿಲ್ಲ, ಪೆಟ್ರೋಲೂ ಇರಲಿಲ್ಲ. ತರಗತಿಗಳು ದೊಡ್ಡದಾದವು, ದಿನಗಳು ಕಡಿಮೆಯಾದವು. ನಾವಾಗಿದ್ದರೆ ಮೊದಲ ವಾರವೇ ಹೊರಹಾಕುತ್ತಿದ್ದಂಥ ತಪ್ಪು ಮಾಡುವವರನ್ನೂ ಪಾಸು ಮಾಡಬೇಕಾಗಿತ್ತು ಎಂದು ಅವನು ಸಂಕಟಪಟ್ಟಿದ್ದಾನೆ. ಯುದ್ಧದ ಕೊನೆಯ ಹೊತ್ತಿಗೆ ಹೊಸಬನ ಹಾರಾಟದ ಗಂಟೆಗಳು ಮೊದಲಿನ ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿದಿದ್ದವು.

1944ರ ಜೂನ್‌ನಲ್ಲಿ ಒಂದೇ ಕಣ್ಣಿನ ಸಕಾಯ್‌ನನ್ನು ಇವೊ ಜಿಮಾಗೆ ಕಳಿಸಿದರು. ಬದುಕಿದ. ಜುಲೈನಲ್ಲಿ ಒಂದು ದಿನ, ಅವನು ಹೇಳಿದಂತೆ, ಅಮೆರಿಕದ ಹಡಗುಗಳಿಗೆ ನೇರವಾಗಿ ಡಿಕ್ಕಿ ಹೊಡೆಯಿರಿ, ದಾರಿಯಲ್ಲಿ ಕಾಳಗ ಮಾಡಬೇಡಿ ಎಂದು ಆದೇಶ ಬಂತು. ಹಡಗುಗಳು ಸಿಗಲಿಲ್ಲ. ಕತ್ತಲಾಗುತ್ತಿತ್ತು. ಜೊತೆಯ ಇಬ್ಬರು ಹುಡುಗರನ್ನು ಕರೆದುಕೊಂಡು ಅವನು ವಾಪಸ್ ಬಂದ. ಆದೇಶ ಮೀರಿದ್ದಕ್ಕೆ ನಾಚಿಕೆಯೂ ಆಯಿತಂತೆ. ನನಗಂತೂ ಅವನ ಇಡೀ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಹಾರಾಟ ಕಾಣುವುದಿಲ್ಲ.

ಅದೇ ವರ್ಷದ ಅಕ್ಟೋಬರ್ 25ರಂದು ಫಿಲಿಪ್ಪೀನ್ಸ್‌ನಲ್ಲಿ ಯುಕಿಯೊ ಸೆಕಿಯ ಕಾಮಿಕಾಜೆ ಗುಂಪಿಗೆ ಕಾವಲಾಗಿ ಹೋದವನು ನಿಶಿಜಾವಾ. ಅವನ ವಿಮಾನವನ್ನು ಅಂಥ ಇನ್ನೊಂದು ದಾಳಿಗೆ ತೆಗೆದುಕೊಂಡರು. ಮರುದಿನ ಬೇರೆ ವಿಮಾನ ತರಲು ಸಾಗಣೆ ವಿಮಾನದಲ್ಲಿ ಪ್ರಯಾಣಿಕನಾಗಿ ಹೊರಟ. ಅಮೆರಿಕದ ಹೆಲ್‌ಕ್ಯಾಟ್‌ಗಳು ಅದನ್ನು ಉರುಳಿಸಿದವು. ಅವನಿಗೆ ಇಪ್ಪತ್ತನಾಲ್ಕು ವರ್ಷ.

ಸಕಾಯ್ 2000ದ ಸೆಪ್ಟೆಂಬರ್ 22ರವರೆಗೆ ಬದುಕಿದ. ಯುದ್ಧದ ನಂತರ ಬೌದ್ಧನಾಗಿ, ಯಾವ ಜೀವಕ್ಕೂ ಹಾನಿ ಮಾಡುವುದಿಲ್ಲ ಎಂದುಕೊಂಡ. ಆ ದಿನ ತನ್ನತ್ತ ಗುಂಡು ಹಾರಿಸಿದ ಡಾಂಟ್ಲೆಸ್‌ಗಳ ಗನ್ನರ್‌ಗಳಲ್ಲಿ ಒಬ್ಬನಾದ ಹೆರಾಲ್ಡ್ ಜೋನ್ಸ್‌ನನ್ನು ಮುಂದೆ ಅಮೆರಿಕದಲ್ಲಿ ಭೇಟಿಯಾದ. ಹರಿದ ಹೆಲ್ಮೆಟ್ ತೋರಿಸಿದ.

ಮತ್ತೆ ರಬೌಲ್‌ಗೆ ಬರುತ್ತೇನೆ, ಆಗಸ್ಟ್ 1942ರ ಆ ವಾರಕ್ಕೆ. ಹೋಗುವುದಿಲ್ಲ ಎಂದು ಹಟ ಹಿಡಿದವನನ್ನು ಕಳಿಸಲು ಸಸಾಯ್ ಬಂದಿದ್ದ. ಸೊಂಟದ ಪಟ್ಟಿಯಿಂದ ಬೆಳ್ಳಿಯ ಹುಲಿ ಕೆತ್ತಿದ ಬಕಲ್ ಬಿಚ್ಚಿ ಸಕಾಯ್ ಕೈಗಿಟ್ಟ. ಅವನ ತಂದೆ ಕೊಟ್ಟದ್ದು ಅದು. ಹುಲಿ ಸಾವಿರ ಹರದಾರಿ ಹೋದರೂ ಸಾವಿರ ಹರದಾರಿ ಮರಳಿ ಬರುತ್ತದೆ ಎಂಬ ಗಾದೆ ಜಪಾನಿನಲ್ಲಿದೆ. ಗುಣವಾಗಿ ಬಾ ಎಂದ.

ಎರಡು ವಾರದ ನಂತರ ಸಸಾಯ್ ಗ್ವಾಡಲ್‌ಕನಾಲ್‌ಗೆ ಹೋದ, ಮರಳಿ ಬರಲಿಲ್ಲ. ಮರೀನ್ ಪೈಲಟ್ ಮರಿಯನ್ ಕಾರ್ಲ್ ಹೆಂಡರ್ಸನ್ ನೆಲೆಯ ಪಕ್ಕದಲ್ಲೇ ಉರುಳಿಸಿದ ಝೀರೊ ಅವನದೇ ಎಂದು ಇತಿಹಾಸಕಾರರು ನಂಬುತ್ತಾರೆ. ಅವತ್ತು ಆಗಸ್ಟ್ 26. ಸಕಾಯ್‌ಗೆ ಇಪ್ಪತ್ತಾರು ತುಂಬಿದ ದಿನ. ಈ ಸುದ್ದಿ ಅವನಿಗೆ ಗೊತ್ತಾಗಿದ್ದು ತಿಂಗಳುಗಳ ನಂತರ, ನಿಶಿಜಾವಾ ಆಸ್ಪತ್ರೆಗೆ ನೋಡಲು ಬಂದಾಗ.